ಎರಡು ಸಲ ಸೋಸಿದ ರಸ

1943ನೇ ಇಸವಿ. ನಾನಾಗ ಮಂಗಳೂರಿನ ಒಂದು ಹೆಂಗಸರ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದೆ. ಈಗಿನವರಿಗೆ ಈ ಹುದ್ದೆಯ ಹೆಸರೇ ತಮಾಷೆಯಾಗಿ ಕೇಳಿಸಬಹುದು. ಆಗ ತಯಾರಾದ ಮದ್ದು ಪೊಟ್ಟಣದಲ್ಲಿ ಬರುತ್ತಿದ್ದದ್ದು ಕಡಿಮೆ. ಡಾಕ್ಟರು ಬರೆದ ಚೀಟಿ ನೋಡಿ ತೂಗಿ, ಅರೆದು, ಕುದಿಸಿ, ಸೋಸಿ, ಬಾಟ್ಲಿಗೆ ತುಂಬಿ, ಬಾಟ್ಲಿಯ ಬೆನ್ನಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಅಳತೆಯ ಕಾಗದ ಅಂಟಿಸಿ ಕೊಡುವವನೇ ಕಂಪೌಂಡರ್.

ಈ ಕೆಲಸದಲ್ಲಿ ನನಗೆ ಸೋಸುವ ಹುಚ್ಚು ಸ್ವಲ್ಪ ಹೆಚ್ಚೇ ಇತ್ತು. ಮಿಕ್ಸ್‌ಚರಿನ ಬಾಟ್ಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಒಂದು ಕಸರು ಕಂಡರೂ ನನಗೆ ಸಮಾಧಾನವಿಲ್ಲ. ತಿರುಗಿ ಸೋಸಬೇಕು. ಹೊರಗೆ ಸಾಲಿನಲ್ಲಿ ಕಾಯುವವರು ಗೊಣಗುತ್ತಿದ್ದರು. ಕುಡಿಯುವ ನೀರಿನ ಲೋಟವನ್ನೂ ಇವರು ಬೆಳಕಿಗೆ ಹಿಡಿದು ನೋಡುತ್ತಾರೆ ಎಂದು ನರ್ಸುಗಳು ಗೇಲಿ ಮಾಡುತ್ತಿದ್ದರು. ಅದು ನಿಜವೂ ಆಗಿತ್ತು. ಈ ಗುಣ ನನಗೆ ಅಮ್ಮನಿಂದ ಬಂದದ್ದು. ಜೆಪ್ಪುವಿನ ನಮ್ಮ ಮನೆಯಲ್ಲಿ ಇದ್ದವರು ನಾವಿಬ್ಬರೇ, ಅಮ್ಮ ಮತ್ತು ನಾನು. ಅವಳ ಅಡುಗೆಮನೆಯಲ್ಲಿ ಕಾಫಿಗೆ ಒಂದು ಬಟ್ಟೆ, ತೆಂಗಿನ ಹಾಲಿಗೆ ಒಂದು ಬಟ್ಟೆ, ಶಿರ್ಕೊಗೆ ಒಂದು ಬಟ್ಟೆ. ಕಳ್ಳನ್ನು ಭರಣಿಯಲ್ಲಿಟ್ಟು ಹುಳಿ ಬರಿಸಿ ಮಾಡುವ ವಿನೆಗರಿಗೆ ನಾವು ಕೊಂಕಣಿ ಕ್ರೈಸ್ತರು ಶಿರ್ಕೊ ಎನ್ನುತ್ತೇವೆ. ಅದಿಲ್ಲದೆ ನಮ್ಮಲ್ಲಿ ಹಬ್ಬದ ಹಂದಿಮಾಂಸವೂ ಇಲ್ಲ, ಉಪ್ಪಿನಕಾಯಿಯೂ ಇಲ್ಲ.

ಆ ಕಾಲದಲ್ಲಿ ನಮ್ಮ ಆಸ್ಪತ್ರೆಯನ್ನು ಹೆಚ್ಚು ಕಾಡುತ್ತಿದ್ದದ್ದು ಬಸುರಿಯರ ರಕ್ತಹೀನತೆ. ಕೆಲವರಿಗೆ ಕಬ್ಬಿಣದ ಮದ್ದು ಹಿಡಿಯುತ್ತಿತ್ತು. ಹಿಡಿಯದವರಿಗೆ ಈಸ್ಟಿನ ಸಾರ ಕೊಡುತ್ತಿದ್ದೆವು. ಈಸ್ಟ್ ಎಂದರೆ ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ, ಸಿಹಿ ರಸವನ್ನು ಬಿಯರ್ ಮಾಡುವ ಸೂಕ್ಷ್ಮ ಜೀವಿ. ಅದರ ಸಾರ ವಿಲಾಯತಿಯಿಂದ ಡಬ್ಬಿಗಳಲ್ಲಿ ಬರುತ್ತಿತ್ತು. ಜೋನಿಬೆಲ್ಲದ ಹಾಗೆ ಕಪ್ಪಗೆ ಅಂಟುವ, ಉಪ್ಪುಪ್ಪಾದ ವಸ್ತು. ಅದನ್ನು ಬಿಸಿನೀರಿನಲ್ಲಿ ಕದಡಿ ಕೊಟ್ಟರೆ, ಬಿಳಿಚಿಕೊಂಡ ಹೆಂಗಸರು ಕೆಲವು ವಾರಗಳಲ್ಲಿ ಎದ್ದು ಓಡಾಡುವುದನ್ನು ನಾನೇ ಕಂಡಿದ್ದೆ. ಯುದ್ಧ ಬಂತು, ಹಡಗುಗಳಲ್ಲಿ ಮದ್ದುಗುಂಡಿಗೆ ಜಾಗ ಬೇಕಾಯಿತು, ನಮ್ಮ ಡಬ್ಬಿಗಳು ನಿಂತುಹೋದವು.

ಕೊನೆಯ ಡಬ್ಬಿಯನ್ನು ನಾನು ಚಮಚದಿಂದ ಕೆರೆಯುತ್ತಿದ್ದ ದಿನಗಳಲ್ಲೇ ಗಿರಿಜ ವಾರ್ಡಿಗೆ ಬಂದಳು. ಚೊಚ್ಚಲ ಬಸುರಿ. ಏಳು ತಿಂಗಳು ತುಂಬಿತ್ತು. ತವರು ವಾಮಂಜೂರು, ಗಂಡ ಕೊರಗಪ್ಪ ಜೆಪ್ಪುವಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುವವನು. ಆಗ ರಕ್ತದ ಒಂದು ಹನಿಯನ್ನು ಒತ್ತುಕಾಗದಕ್ಕೆ ಮುಟ್ಟಿಸಿ, ಅಚ್ಚು ಹಾಕಿದ ಕೆಂಪು ಬಣ್ಣಗಳ ಪಕ್ಕದಲ್ಲಿ ಹಿಡಿದು ಶೇಕಡಾ ಎಷ್ಟು ಎಂದು ಅಂದಾಜು ಮಾಡುತ್ತಿದ್ದೆವು. ಗಿರಿಜಳದು ಮೂವತ್ತು ದಾಟಲಿಲ್ಲ. ಮಾತಾಡಿದರೆ ಏದುಸಿರು. ಕಬ್ಬಿಣ ಹಿಡಿಯಲಿಲ್ಲ. ಪಿತ್ತಜನಕಾಂಗದ ಸೂಪಿನ ವಾಸನೆಗೇ ಅವಳಿಗೆ ವಾಂತಿ. ಕಳ್ಳಿನ ತಳದ ಗಸಿಯಲ್ಲಿಯೂ ಈಸ್ಟ್ ಇರುತ್ತದೆಂದು ಅದನ್ನೂ ಕೊಟ್ಟು ನೋಡಿದ್ದಾಯಿತು. ಹೊಟ್ಟೆ ಕೆಟ್ಟು ಇನ್ನಷ್ಟು ಸೊರಗಿದಳು. ರಕ್ತ ಕೊಡುವ ಏರ್ಪಾಡು ನಮ್ಮಲ್ಲಿ ಆಗ ಇರಲಿಲ್ಲ.

ಕೊರಗಪ್ಪ ದಿನಾ ಸಂಜೆ ಕೆಲಸ ಬಿಟ್ಟವನೇ, ಕೈಯ ಕೆಂಪು ಮಣ್ಣು ತೊಳೆದುಕೊಂಡು ನನ್ನ ಕಿಟಕಿಗೆ ಬರುತ್ತಿದ್ದ. ಅವನದು ಒಂದೇ ಪ್ರಶ್ನೆ.

"ಪೊರ್ಬುಲೇ, ಡಬ್ಬಿ ಬಂತಾ?"

ತುಳುವರು ನಮ್ಮವರನ್ನು ಗೌರವದಿಂದ ಕರೆಯುವುದು ಹಾಗೆ. ಇಲ್ಲ ಎಂದರೆ ತಲೆಯಾಡಿಸಿ ವಾರ್ಡಿನ ಕಡೆಗೆ ಹೋಗುತ್ತಿದ್ದ. ಸಿಟ್ಟು ಮಾಡಿ ಬೈದಿದ್ದರೂ ನನಗೆ ಹಗುರಾಗುತ್ತಿತ್ತು.

ನಮ್ಮ ಡಾಕ್ಟರಮ್ಮ ಮದ್ರಾಸಿನ ಕಡೆಯವರು, ವಿಲಾಯತಿಯಲ್ಲಿ ಓದಿದವರು. ಅಲ್ಲಿ ಅವರಿದ್ದ ಬಾಡಿಗೆ ಮನೆಯ ಯಜಮಾನಿ ಮನೆಯಲ್ಲೇ ಬಿಯರ್ ಮಾಡುತ್ತಿದ್ದಳಂತೆ. ಬಿಯರ್ ಬಸಿದ ಮೇಲೆ ಪೀಪಾಯಿಯ ತಳದಲ್ಲಿ ಕೆನೆಯಂತೆ ದಪ್ಪಗೆ ಈಸ್ಟ್ ಉಳಿಯುತ್ತಿದ್ದದ್ದು ಅವರ ನೆನಪಿನಲ್ಲಿತ್ತು. ಒಂದು ದಿನ ಅವರು ನನ್ನನ್ನು ಕರೆದು, ನಾವು ಬಿಯರ್ ಮಾಡೋಣ, ಬಿಯರನ್ನು ಚರಂಡಿಗೆ ಚೆಲ್ಲಿ ಈಸ್ಟನ್ನು ಇಟ್ಟುಕೊಳ್ಳೋಣ ಎಂದರು. ನಾನು ನಗುವುದೋ ಬಿಡುವುದೋ ತಿಳಿಯದೆ ನಿಂತೆ. ಅವರು ನಗಲಿಲ್ಲ.

ವಿಧಾನವನ್ನು ಅವರೇ ವಿವರಿಸಿದರು. ಮೊಳಕೆ ಬರಿಸಿ ಒಣಗಿಸಿದ ಧಾನ್ಯಕ್ಕೆ ಮಾಲ್ಟ್ ಎಂದು ಹೆಸರು. ಅದನ್ನು ತರಿತರಿಯಾಗಿ ಬೀಸಿ, ಬೆರಳು ತಾಳುವುದಕ್ಕಿಂತ ತುಸು ಹೆಚ್ಚು ಬಿಸಿಯ ನೀರಿನಲ್ಲಿ ನೆನೆಯಿಟ್ಟರೆ ಹಿಟ್ಟು ಸಿಹಿಯಾಗಿ ನೀರಿಗೆ ಇಳಿಯುತ್ತದೆ. ಆ ಸಿಹಿ ರಸವೇ ವರ್ಟ್. ವರ್ಟನ್ನು ಕುದಿಸಿ, ಚರಟ ಹೋಗುವ ಹಾಗೆ ಸೋಸಿ, ಆರಿಸಿ, ಈಸ್ಟಿನ ಹೆಪ್ಪು ಹಾಕಬೇಕು. ಕುದಿಸಿದ ಮೇಲೆ ಅದನ್ನು ಮುಟ್ಟುವ ಪಾತ್ರೆ, ಬಟ್ಟೆ, ಸೌಟು ಎಲ್ಲವೂ ಕುದಿಸಿದ್ದೇ ಆಗಬೇಕು. ಈ ಕೊನೆಯ ಮಾತನ್ನು ಅವರು ಮೂರು ಸಲ ಹೇಳಿದರು. ಮದ್ಯ ಎಂಬ ಹೆಸರು ಕೇಳಿದ್ದೇ ಆಸ್ಪತ್ರೆಯ ಕಮಿಟಿಯವರು ಕಂಪೌಂಡಿನೊಳಗೆ ಇದು ಬೇಡವೆಂದರು. ಹಾಗಾಗಿ ನಮ್ಮ ಮನೆಯೇ ಬ್ರೂವರಿ ಆಯಿತು. ಡಾಕ್ಟರಮ್ಮ ಅಬ್ಕಾರಿ ಇನ್ಸ್‌ಪೆಕ್ಟರರ ಒಪ್ಪಿಗೆ ತೆಗೆದುಕೊಂಡರು. ಇನ್ಸ್‌ಪೆಕ್ಟರರು ಒಮ್ಮೆ ಬಂದು ಪಾತ್ರೆ ಮೂಸಿ, ಇದನ್ನು ಕದ್ದು ಕುಡಿಯುವ ಕುಡುಕ ಜಿಲ್ಲೆಯಲ್ಲಿ ಇಲ್ಲ ಎಂದು ಹೇಳಿಹೋದರು.

ಮೊದಲು ನಾನು ಔಷಧದ ಅಂಗಡಿಯ ಪರ್ಲ್ ಬಾರ್ಲಿ ತಂದು ನೆನೆಹಾಕಿ ಮೊಳಕೆಗೆ ಕಾದೆ. ಸಿಪ್ಪೆ ಸುಲಿದು ಪಾಲಿಶ್ ಮಾಡಿದ ಕಾಳಿಗೆ ಮೊಳಕೆ ಎಲ್ಲಿಂದ ಬರಬೇಕು? ನಾತ ಬಂತು. ಅಮ್ಮ ಅದನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಘಟ್ಟದ ಮೇಲಿನಿಂದ ಬರುವ ರಾಗಿ ತರಿಸು ಎಂದಳು. ರಾಗಿ ಚೆನ್ನಾಗಿ ಮೊಳೆಯಿತು. ಈಸ್ಟಿನ ಹೆಪ್ಪಿಗೆ ಡಾಕ್ಟರಮ್ಮ ಬೆಂಗಳೂರಿನ ಪರಿಚಯದವರಿಂದ ಒಂದು ಸಣ್ಣ ಬಾಟ್ಲಿ ತರಿಸಿದರು. ಅದು ಘಟ್ಟ ಇಳಿದು ಬಂದದ್ದೇ ದೊಡ್ಡ ಸಾಹಸ. ಅರ್ಧವನ್ನು ನನಗೆ ಕೊಟ್ಟು ಉಳಿದ ಅರ್ಧವನ್ನು ತಮ್ಮ ಐಸಿನ ಪೆಟ್ಟಿಗೆಯಲ್ಲಿ ಇಟ್ಟರು. ಇನ್ನೊಂದು ಬಾಟ್ಲಿ ಯಾವಾಗ ಬರುವುದೆಂದು ಯಾರೂ ಹೇಳುವ ಹಾಗಿರಲಿಲ್ಲ.

ಮೊದಲನೆಯ ಸಲ ಸೋತದ್ದು ಸೋಸುವಲ್ಲಿ. ಬಾರ್ಲಿಯಾದರೆ ಅದರ ಸಿಪ್ಪೆಯೇ ಪಾತ್ರೆಯ ತಳದಲ್ಲಿ ಜರಡಿಯ ಹಾಗೆ ನಿಲ್ಲುತ್ತದಂತೆ. ರಾಗಿಗೆ ಆ ಉಪಕಾರ ಇಲ್ಲ. ಗಾಜ್ ಬಟ್ಟೆಯಲ್ಲಿ ಎಲ್ಲವೂ ಇಳಿಯಿತು, ಫಿಲ್ಟರ್ ಪೇಪರಿನಲ್ಲಿ ಏನೂ ಇಳಿಯಲಿಲ್ಲ. ಕೊನೆಗೆ ಈಸ್ಟ್ ಬೆಳೆದು ತಳಕ್ಕೆ ಕೂತಿತು ನಿಜ, ಆದರೆ ರಾಗಿಯ ಕೆಸರಿನ ಜೊತೆ ಬೆರೆತು ಕೂತಿತು. ಒಂದು ಚಮಚ ಈಸ್ಟಿಗಾಗಿ ಗಿರಿಜ ಒಂದು ಲೋಟ ಕೆಸರು ಕುಡಿಯಬೇಕಾಯಿತು. ಕುಡಿದಳು. ಮಂಚದ ಅಂಚನ್ನು ಹಿಡಿದುಕೊಂಡು, ನನ್ನ ಮುಖವನ್ನೇ ನೋಡುತ್ತ ಪೂರ್ತಿ ಕುಡಿದಳು. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಹೊರಗೆ ಬಂತು. ನನ್ನ ಇಡೀ ಸರ್ವಿಸಿನಲ್ಲಿ ನನಗೆ ಅಷ್ಟು ಅವಮಾನ ಬೇರೆಂದೂ ಆಗಿಲ್ಲ. ಊರಿಗೆಲ್ಲ ಸೋಸಿ ಕೊಡುವವನ ಕೈಯಲ್ಲಿ ಅದೊಂದು ಸೋಸಲು ಆಗಲಿಲ್ಲ.

ಎರಡನೆಯ ಸಲಕ್ಕೆ ಶನಿವಾರ ಮಧ್ಯಾಹ್ನ ಬೇಗ ಬಂದು ನಾನೇ ಒಲೆಯ ಮುಂದೆ ಕೂತೆ. ಕೊರಗಪ್ಪ ರಾಗಿ ಬೀಸಿಕೊಟ್ಟ, ನೀರು ಸೇದಿದ, ಸೌದೆ ಒಡೆದ. ಮೆತ್ತನೆಯ ಫ್ಲಾನೆಲ್ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಸೋಡಾ ಹಾಕಿ ಕುದಿಸಿದೆ. ಭರಣಿಯನ್ನೂ ಸೌಟನ್ನೂ ಕುದಿಸಿದೆ. ಬಿಸಿ ಬಿಸಿ ವರ್ಟನ್ನು ಸೌಟು ಸೌಟಾಗಿ ಹೊಯ್ದು, ಬಟ್ಟೆಯನ್ನು ಹಿಂಡದೆ, ತಾನಾಗಿ ತೊಟ್ಟಿಕ್ಕಲು ಬಿಟ್ಟೆ. ಬೆನ್ನು ಬಿದ್ದುಹೋಯಿತು. ಆದರೆ ಇಳಿದ ರಸ ಕಪ್ಪು ಚಹಾದ ಹಾಗೆ ತಿಳಿಯಾಗಿತ್ತು. ಭರಣಿಯ ಬಾಯಿ ಕಟ್ಟಿ ಆರಲು ಇಟ್ಟೆ. ಮರುದಿನ ಬೆಳಿಗ್ಗೆ ನನಗೆ ಡ್ಯೂಟಿ ಇತ್ತು. ಯಾರೂ ಮುಟ್ಟಬೇಡಿ ಎಂದು ಅಮ್ಮನಿಗೂ ಕೊರಗಪ್ಪನಿಗೂ ಹೇಳಿ ಹೋದೆ.

ಸಂಜೆ ಬಂದು ನೋಡಿದರೆ ರಸ ನಾನು ಬಿಟ್ಟುಹೋದದ್ದಕ್ಕಿಂತಲೂ ತಿಳಿಯಾಗಿತ್ತು. ಭರಣಿಯ ಒಳಬದಿಯ ಬಿಳಿ ಮೆರುಗು ಕಾಣುತ್ತಿತ್ತು. ಆರಿದ ಮೇಲೆ ಕೆಸರೆಲ್ಲ ತಳಕ್ಕೆ ಕೂತಿರಬೇಕೆಂದು ನಾನು ಹಿಗ್ಗಿದೆ. ಅಮ್ಮ ಬಾಗಿಲಲ್ಲಿ ನಿಂತು ಸುಮ್ಮನೆ ನಗುತ್ತಿದ್ದಳು. ಡಾಕ್ಟರಮ್ಮನ ಐಸಿನ ಪೆಟ್ಟಿಗೆಯಿಂದ ತಂದಿದ್ದ ಅರ್ಧ ಬಾಟ್ಲಿ ಹೆಪ್ಪನ್ನು ಪೂರ್ತಿ ಹಾಕಿ, ಶಿಲುಬೆಯ ಗುರುತು ಮಾಡಿದೆ. ಮದ್ದು ಮಾಡುವಾಗ ನಾನು ಹಾಗೆ ಮಾಡುವವನಲ್ಲ.

ಮೊದಲ ದಿನಗಳಲ್ಲಿ ನೊರೆ ಚೆನ್ನಾಗಿ ಬಂತು. ಕೊರಗಪ್ಪ ಕೆಲಸಕ್ಕೆ ಹೋಗುವಾಗಲೂ ಬರುವಾಗಲೂ ನಮ್ಮ ಅಡುಗೆಮನೆಗೆ ಬಂದು ಭರಣಿಗೆ ಕಿವಿ ಇಟ್ಟು ಸುಯ್ಯೆಂಬ ಸದ್ದು ಕೇಳಿ ಹೋಗುತ್ತಿದ್ದ. ಆಮೇಲೆ ನೊರೆ ಇಳಿಯಿತು. ಮೇಲೆ ತೆಳ್ಳನೆಯ ಒಂದು ಕೆನೆ ಕಟ್ಟಿತು. ಮುಚ್ಚಳ ತೆಗೆದರೆ ಮೂಗಿಗೆ ಚುಚ್ಚುವ ವಾಸನೆ. ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಮೂಸಿದ ವಾಸನೆ ಅದು. ಆದರೂ ಅದು ಅದೇ ಎಂದು ಒಪ್ಪಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಭರಣಿಯನ್ನು ಜಟಕಾದಲ್ಲಿಟ್ಟು ಆಸ್ಪತ್ರೆಗೆ ಕೊಂಡುಹೋದೆ.

ಡಾಕ್ಟರಮ್ಮ ತಳದ ಗಸಿಯ ಒಂದು ಹನಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ನನ್ನನ್ನೂ ನೋಡಲು ಹೇಳಿದರು. ಈಸ್ಟಿನ ದುಂಡು ದುಂಡು ಕಾಳುಗಳು ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ಕಡ್ಡಿ ಚೂರುಗಳ ಹಾಗಿದ್ದ ಕ್ರಿಮಿಗಳ ರಾಶಿ.

"ಇದು ವಿನೆಗರಿನ ಕ್ರಿಮಿ, ಲಾರೆನ್ಸ್. ಇದನ್ನು ಅವಳಿಗೆ ಕೊಡಲಾರೆ. ಆ ಹೊಟ್ಟೆ ತಡೆದುಕೊಳ್ಳುವುದಿಲ್ಲ," ಎಂದರು. ಯಾವುದೋ ಬಟ್ಟೆಯಿಂದಲೋ ಪಾತ್ರೆಯಿಂದಲೋ ಬಂದಿರಬೇಕು, ಹೆಪ್ಪೂ ಮುಗಿಯಿತು ಎಂದು ಹೇಳಿ, ಬೆಂಗಳೂರಿಗೆ ತಂತಿ ಕೊಡಲು ಎದ್ದುಹೋದರು.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಗದರುವ ದನಿಯಲ್ಲಿ ಅಲ್ಲ. ರಸ ಅಷ್ಟು ತಿಳಿಯಾದದ್ದು ಹೇಗೆ ಎಂದು ಕೇಳಿದೆ. ಅವಳು ಅದೇ ಪ್ರಶ್ನೆಗೆ ಕಾದಿದ್ದವಳ ಹಾಗೆ ಒಳಗಿನಿಂದ ಒಂದು ಬಟ್ಟೆ ತಂದು ನನ್ನ ಕೈಯಲ್ಲಿಟ್ಟಳು. ಶಿರ್ಕೊ ಸೋಸುವ ಬಟ್ಟೆ.

"ಆರಿದ ಮೇಲೆ ಹಾಲು ಒಡೆದ ಹಾಗೆ ಆಗಿತ್ತು ಪುತಾ. ನೋಡ್ಲಿಕ್ಕೆ ಆಗ್ಲಿಲ್ಲ. ಆ ಹುಡುಗಿ ಪುನಃ ವಾಂತಿ ಮಾಡಿದ್ರೆ ಎಂತ ಮಾಡೋದು? ಕೊರಗಪ್ಪ ಆ ಕಡೆ ಹಿಡಿದ, ನಾನು ಈ ಕಡೆ ಹಿಡಿದೆ. ನಿನಗೆ ಅವಳು ಗುಣ ಆದ ಮೇಲೆ ಹೇಳುವ ಅಂತ ಇದ್ದೆ."

ಆ ಬಟ್ಟೆಯ ವಿಷಯ ಹೇಳದಿದ್ದರೆ ಓದುವವರಿಗೆ ಅಮ್ಮನ ಮೇಲೆ ತಪ್ಪು ಭಾವನೆ ಬರಬಹುದು. ಅದು ನನ್ನ ಅಜ್ಜಿಯ ಕೈಯಿಂದ ಬಂದದ್ದು. ತೊಳೆದು ತೊಳೆದು ಮಗುವಿನ ಕೆನ್ನೆಯ ಹಾಗೆ ಮೆತ್ತಗಾಗಿತ್ತು. ಅದಕ್ಕೆ ಸೋಪು ಮುಟ್ಟಿಸುವ ಹಾಗಿಲ್ಲ, ಬಿಸಿನೀರು ತಾಗಿಸುವ ಹಾಗಿಲ್ಲ. ಬಾವಿಯ ತಣ್ಣೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಒಣಗಿಸಿ, ಬೇರೆ ಬಟ್ಟೆಗಳ ಜೊತೆ ಸೇರಿಸದೆ ಮಡಚಿ ಇಡಬೇಕು. ಸೋಪಿನ ವಾಸನೆ ಹಿಡಿದರೆ ಶಿರ್ಕೊ ಕೆಡುತ್ತದೆ, ಕುದಿಸಿದರೆ ಬಟ್ಟೆಯ ಗುಣ ಹೋಗುತ್ತದೆ ಎಂಬುದು ನಮ್ಮ ಮನೆಗಳ ನಂಬಿಕೆ. ಅದು ಸುಳ್ಳೂ ಅಲ್ಲ. ಶಿರ್ಕೊವನ್ನು ಶಿರ್ಕೊ ಮಾಡುವ ಕ್ರಿಮಿ ಆ ಬಟ್ಟೆಯ ಎಳೆಎಳೆಯಲ್ಲಿ ಮನೆ ಮಾಡಿಕೊಂಡಿತ್ತು. ಅಮ್ಮನ ಮಟ್ಟಿಗೆ ಅದು ಮನೆಯ ಎಲ್ಲಕ್ಕಿಂತ ಶುದ್ಧವಾದ ಬಟ್ಟೆ. ಗಿರಿಜಳಿಗೆಂದು ಅವಳು ಅದಕ್ಕಿಂತ ಒಳ್ಳೆಯದನ್ನು ತೆಗೆಯುವ ಹಾಗಿರಲಿಲ್ಲ.

ನಾನು ಬಟ್ಟೆಯನ್ನು ಹಿಡಿದುಕೊಂಡು ನಿಂತೆ. ಬಾಯಿಯವರೆಗೆ ಬಂದದ್ದನ್ನು ನುಂಗಿ, ಚೆನ್ನಾಗಿ ತಿಳಿಯಾಗಿತ್ತು ಮಾಂಯ್, ಆಸ್ಪತ್ರೆಗೆ ಕೊಂಡುಹೋಗಿ ಕೊಟ್ಟೆ ಎಂದೆ.

ಕೊರಗಪ್ಪನಿಗೆ ಹಾಗೆ ಹೇಳಲು ಆಗಲಿಲ್ಲ. ಅವನು ಸಂಜೆ ಕಿಟಕಿಗೆ ಬಂದು ಕೇಳಿದಾಗ ಹೊರಗೆ ಕರೆದು, ಮದ್ದು ಕೆಟ್ಟಿತು, ಇನ್ನೊಂದು ಬಾಟ್ಲಿಗೆ ತಂತಿ ಹೋಗಿದೆ ಎಂದೆ. ಅವನು ಹೆಚ್ಚು ಯೋಚಿಸಲಿಲ್ಲ.

"ನಾವು ಸೋಸಿದ್ರಿಂದವಾ?"

ಹೌದು ಎಂದೆ. ಅದು ಸರಿಯಾಗಿ ಬಂದಿದ್ದರೂ ಗಿರಿಜ ಚೇತರಿಸಿಕೊಳ್ಳುತ್ತಿದ್ದಳು ಎಂದು ಹೇಳಲಾರೆ ಎಂಬುದು ಡಾಕ್ಟರಮ್ಮನ ಮಾತು. ಅದನ್ನೂ ಹೇಳಿದೆ. ನಿಜವಾದ ಮಾತೇ ಅದು. ಆದರೆ ಅದರಿಂದ ಅವನಿಗೂ ನನಗೂ ಏನೂ ಸಿಗಲಿಲ್ಲ. ಅವನು ತನ್ನ ಎರಡು ಅಂಗೈಗಳನ್ನು ನೋಡಿಕೊಂಡು ವಾರ್ಡಿಗೆ ಹೋದ.

ಆಮೇಲಿನ ದಿನಗಳಲ್ಲಿ ನಾನು ಮಾಡಿದ ಕೆಲಸ ಕಾಯುವುದೊಂದೇ. ಬೆಂಗಳೂರಿನಿಂದ ಬರುವ ಬಸ್ಸಿನ ಕಂಡಕ್ಟರನನ್ನು ಕೇಳುವುದು, ಇಲ್ಲವೆನ್ನಿಸಿಕೊಂಡು ಬರುವುದು. ರಾಗಿಯ ಮಾಲ್ಟ್ ಸಿದ್ಧವಿತ್ತು. ಫ್ಲಾನೆಲ್ ಸಿದ್ಧವಿತ್ತು. ಅಮ್ಮನಿಗೆ, ಇನ್ನು ಮೇಲೆ ನಾನೇ ಸೋಸಬೇಕೆಂದು ಡಾಕ್ಟರಮ್ಮ ಹಟ ಹಿಡಿದಿದ್ದಾರೆಂದು ಹೇಳಿದ್ದೆ. ಅವಳಿಗೆ ಸ್ವಲ್ಪ ಬೇಸರವಾಯಿತು. ವಾರ್ಡಿನ ಮುಂದೆ ಹಾದುಹೋಗುವಾಗ ಗಿರಿಜ ನನ್ನನ್ನು ಕಂಡರೆ ಕೈ ಎತ್ತಲು ನೋಡುತ್ತಿದ್ದಳು. ನಾನು ಬೇರೆ ದಾರಿಯಲ್ಲಿ ಹೋಗತೊಡಗಿದೆ. ಹೆರಿಗೆಯ ನೋವು ತಿಂಗಳು ತುಂಬುವ ಮೊದಲೇ ಬಂತು. ಹೆಣ್ಣು ಮಗು, ಸಣ್ಣದಾದರೂ ಜೋರಾಗಿ ಅತ್ತಿತು. ಹೆರಿಗೆಯಲ್ಲಿ ಹೋದದ್ದು ಸ್ವಲ್ಪವೇ ರಕ್ತ. ಆ ಸ್ವಲ್ಪವನ್ನೂ ಕಳೆದುಕೊಳ್ಳುವ ಶಕ್ತಿ ಗಿರಿಜಳಿಗೆ ಇರಲಿಲ್ಲ. ಮಗುವನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿದಳು ಎಂದು ನರ್ಸ್ ಬಂದು ಹೇಳಿದಳು. ನಾನು ಯಾರದೋ ಕೆಮ್ಮಿನ ಮಿಕ್ಸ್‌ಚರ್ ಸೋಸುತ್ತಿದ್ದೆ. ಅದನ್ನು ಮುಗಿಸಿದೆ.

ಬಾಟ್ಲಿ ಆಮೇಲೆ ಬಂತು. ಮೂರನೆಯ ಸಲದ ಈಸ್ಟ್ ಕೆನೆಯ ಹಾಗೆ ಬಂತು, ಒಂದು ಕಸರಿಲ್ಲ. ಅದನ್ನು ಬಿಸಿಮಾಡಿ, ಉಪ್ಪು ಹಾಕಿ ವಾರ್ಡಿನ ಬೇರೆ ಹೆಂಗಸರಿಗೆ ಕೊಟ್ಟೆವು. ಒಂದಿಬ್ಬರ ಮುಖಕ್ಕೆ ಬಣ್ಣ ಬಂತು. ನನಗೆ ಸಂತೋಷವಾಗಬೇಕಿತ್ತು.

ಬೊಜ್ಜ, ಎಂದರೆ ಗಿರಿಜಳ ಉತ್ತರಕ್ರಿಯೆ, ಮುಗಿದ ಮೇಲೆ ಒಂದು ಭಾನುವಾರ ಕೊರಗಪ್ಪ ಮನೆಗೆ ಬಂದ. ಮಗು ವಾಮಂಜೂರಿನಲ್ಲಿ ಗಿರಿಜಳ ಅಕ್ಕನ ಹತ್ತಿರ ಉಂಟು, ಹಾಲು ಕುಡಿಯುತ್ತದೆ ಎಂದ. ಅಮ್ಮ ಅವನನ್ನು ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟಳು. ಅವನು ಕುಡಿದು ಲೋಟ ಕೆಳಗಿಟ್ಟ ಮೇಲೆ, ಅಷ್ಟು ದಿನ ನನ್ನನ್ನು ಕೇಳದೆ ಇಟ್ಟುಕೊಂಡದ್ದನ್ನು ಅವನನ್ನು ಕೇಳಿದಳು.

"ಕೊರಗಪ್ಪಾ, ನಾವು ಸೋಸಿದ ಆ ಮದ್ದು ಅವಳ ಹೊಟ್ಟೆಗೆ ಹೋಯ್ತಾ?"

ನಾನು ಬಾಗಿಲಲ್ಲಿ ನಿಂತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಏನು ಸನ್ನೆ ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ.

"ಹೋಯ್ತು ಬಾಯಮ್ಮ. ವಾಂತಿ ಮಾಡ್ಲಿಲ್ಲ. ಒಳ್ಳೆ ತಿಳಿ ಉಂಟು ಅಂತ ಹೇಳಿದ್ಳು."

ಅಮ್ಮ ಕಣ್ಣೊರೆಸಿಕೊಂಡಳು. ಅಷ್ಟಾದರೂ ಆಯಿತಲ್ಲ ಎಂದಳು. ಒಳಗೆ ಹೋಗಿ, ಆ ವರ್ಷದ ಶಿರ್ಕೊವನ್ನು ಒಂದು ಬಾಟ್ಲಿಯಲ್ಲಿ ತುಂಬಿ ತಂದು, ನಿಮ್ಮ ಮನೆಯ ಉಪ್ಪಿನಕಾಯಿಗೆ ಆಗುತ್ತದೆ ಎಂದು ಅವನಿಗೆ ಕೊಟ್ಟಳು. ಅವನು ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡ. ಆಮೇಲೆ ಪ್ರತಿ ವರ್ಷ ಕ್ರಿಸ್ಮಸ್ಸಿಗೆ ಮೊದಲು ಖಾಲಿ ಬಾಟ್ಲಿ ತೊಳೆದು ತಂದು, ತುಂಬಿದ ಬಾಟ್ಲಿ ಕೊಂಡುಹೋಗುತ್ತಿದ್ದ. ಮಗುವಿನ ಸುದ್ದಿ ಹೇಳುತ್ತಿದ್ದ. ಒಮ್ಮೆ ಕರೆದುಕೊಂಡೂ ಬಂದಿದ್ದ.

ಈ ಕೆಲಸ ನನಗೆ ಕಲಿಸಿದ ಪಾಠ ಒಂದೇ ಮಾತಿನದು. ಬಟ್ಟೆಯನ್ನು ಯಾರೇ ಕೊಡಲಿ, ಎಷ್ಟೇ ಶುದ್ಧವಾಗಿ ಕಾಣಲಿ, ಕುದಿಸದೆ ಮದ್ದಿಗೆ ಮುಟ್ಟಿಸಬಾರದು. ಮದ್ದಿನ ವಿಷಯದಲ್ಲಿ ಪ್ರೀತಿಯನ್ನು ನಂಬಬಾರದು. ನನ್ನ ಕೈಕೆಳಗೆ ಕಲಿತ ಎಲ್ಲರಿಗೂ ಇದನ್ನು ಹೇಳಿಕೊಟ್ಟಿದ್ದೇನೆ. ಯಾಕೆ ಎಂದು ಕೇಳಿದವರಿಗೆ ಕ್ರಿಮಿಯ ವಿಷಯ ಹೇಳಿದೆ, ಅಮ್ಮನ ವಿಷಯ ಹೇಳಲಿಲ್ಲ.

ಯುದ್ಧ ಮುಗಿದ ಮರುವರ್ಷ ಅಮ್ಮ ತೀರಿಕೊಂಡಳು. ಆ ಡಿಸೆಂಬರಿನಲ್ಲಿ ಕೊರಗಪ್ಪ ಎಂದಿನಂತೆ ತೊಳೆದ ಬಾಟ್ಲಿ ಹಿಡಿದು ಬಂದು ಜಗಲಿಯಲ್ಲಿ ನಿಂತ. ಅವಳು ಹಾಕಿಟ್ಟಿದ್ದ ಶಿರ್ಕೊ ಭರಣಿಯಲ್ಲಿ ಹಾಗೆಯೇ ಇತ್ತು, ಸೋಸಿರಲಿಲ್ಲ. ನಾನು ಪೆಟ್ಟಿಗೆಯಿಂದ ಆ ಬಟ್ಟೆಯನ್ನು ತೆಗೆದೆ. ತಣ್ಣೀರಿನಲ್ಲಿ ಜಾಲಿಸಿದೆ. ಕೊರಗಪ್ಪ ಆ ಕಡೆಯ ಎರಡು ಮೂಲೆ ಹಿಡಿದ, ನಾನು ಈ ಕಡೆ ಹಿಡಿದೆ. ಕುದಿಸಲಿಲ್ಲ.